ಹಿತ್ತಲ ಮಾತು: ಕೋಳಿಯ ಕಾಲು, ಮನೆಯ ನೆಲ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಈ ಸಲ ವಾಚಕರ ಮುಂದಿಡುತ್ತೇವೆ. ವಿಷಯ ಕೋಳಿಯ ಕಾಲಿನದು. "ಇದೂ ಒಂದು ಬರೆಯುವ ವಿಷಯವೇ?" ಎಂದು ಮೂಗು ಮುರಿಯುವವರು ಸ್ವಲ್ಪ ತಾಳಬೇಕು. ನಮ್ಮ ಬಳಗದಲ್ಲಿ ಕೋಳಿ ಸಾಕುವವರೂ ಇದ್ದಾರೆ, ಕೋಳಿಯ ಹೆಸರೆತ್ತಿದರೆ ಎದ್ದು ಹೋಗುವವರೂ ಇದ್ದಾರೆ. ಆದರೆ ವಯಸ್ಸಾದ ತಂದೆತಾಯಿಗಳನ್ನು ಊರಿನಿಂದ ಕರೆತಂದು ಪುಣೆಯಲ್ಲಿ ಇಟ್ಟುಕೊಂಡವರು ಎರಡೂ ಗುಂಪಿನಲ್ಲಿ ಉಂಟು. ಅವರೆಲ್ಲರಿಗೂ ಈ ಮಾತು ಸ್ವಲ್ಪವಾದರೂ ಸಲ್ಲುತ್ತದೆ.

ನಾವಿರುವದು ಮಗರಪಟ್ಟಾದ ಮಗ್ಗುಲಲ್ಲಿ, ಹಿತ್ತಲಿರುವ ಒಂದು ಹಳೆಯ ಮನೆಯಲ್ಲಿ. ಈ ಕಡೆಗೆಲ್ಲ ಒಂದು ಕಾಲಕ್ಕೆ ಹೊಲಗಳೇ ಇದ್ದವು. ಸುಮಾರು 120 ಒಕ್ಕಲು ಮನೆತನಗಳು ತಮ್ಮ 400 ಎಕರೆಯಷ್ಟು ಭೂಮಿಯನ್ನು ಪರರಿಗೆ ಮಾರದೆ ಒಂದುಗೂಡಿಸಿ, ತಾವೇ ಪಾಲುದಾರರಾಗಿ ನಿಂತು, 2000ದ ಸುಮಾರಿಗೆ ಮಗರಪಟ್ಟಾ ನಗರವನ್ನು ಕಟ್ಟಲು ತೊಡಗಿದ ಕಥೆ ವಾಚಕರಿಗೆ ಗೊತ್ತೇ ಇದೆ. ನಮ್ಮ ಅವ್ವನಿಗೆ ಇದನ್ನು ಹೇಳಿದಾಗ ಅವಳು ಎತ್ತರದ ಕಟ್ಟಡಗಳ ಕಡೆ ನೋಡಿ, "ಹೊಲದಾಗ ಮನಿ ಬೆಳದಾರ ನೋಡಪಾ" ಎಂದಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಬೈಲಹೊಂಗಲ ಕಡೆಯ ಹಳ್ಳಿಯಿಂದ ಇಲ್ಲಿಗೆ ಕರೆತಂದೆವು. ಮೊದಲ ಆರು ತಿಂಗಳು ಅವಳು ಕಿಟಕಿಯ ಹತ್ತಿರ ಕೂತದ್ದೇ ಹೆಚ್ಚು. ಮರಾಠಿ ಬರದು, ಟೀವಿ ಬೇಡ, ಕೈಗೆ ಕೆಲಸವಿಲ್ಲ. ಕಡೆಗೆ ಐದು ಕೋಳಿ ತಂದೆವು. ಮೂರು ಜವಾರಿ, ಎರಡು ಗಿರಿರಾಜ. ಗಿರಿರಾಜವೆಂಬುದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಲ್ಲಿ ಸಾಕಲೆಂದೇ ಬೆಳೆಸಿದ ತಳಿ. ಮೈ ತುಂಬಿಕೊಂಡು ಜವಾರಿ ಕೋಳಿಗಿಂತ ಬಹಳ ಭಾರವಾಗುತ್ತದೆ. ಕೋಳಿ ಬಂದ ಮರುದಿನದಿಂದಲೇ ಅವ್ವ ನಸುಕಿನಲ್ಲಿ ಎದ್ದು ಹಿತ್ತಲಿಗೆ ಹೋಗತೊಡಗಿದಳು. ಆರು ತಿಂಗಳಲ್ಲಿ ನಾವು ಮಾಡಲಾರದ್ದನ್ನು ಐದು ಕೋಳಿ ಒಂದು ವಾರದಲ್ಲಿ ಮಾಡಿದವು.

ಜೂನ್ ತಿಂಗಳ ಕೊನೆಗೆ ಕೆಂಪಿ ಎಂಬ ಗಿರಿರಾಜ ಕೋಳಿ ಕುಂಟತೊಡಗಿತು. ಎತ್ತಿ ನೋಡಿದರೆ ಅಂಗಾಲು ಊದಿ ಬಿಸಿಯಾಗಿತ್ತು. ನಡುವೆ ಕಾಳಿನಷ್ಟು ಕರಿಯ ಹಕ್ಕಳೆ. ಅವ್ವ ಅದನ್ನು "ಆಣಿ" ಎಂದಳು. ಉಗುರುಬಿಸಿ ನೀರಿನಲ್ಲಿ ತೊಳೆದು ಅಯೋಡಿನ್ ಹಚ್ಚಿ ಪಟ್ಟಿ ಕಟ್ಟಿದೆವು. ಹದಿನೈದು ದಿನದಲ್ಲಿ ಇಳಿಯಿತು. ತಿಂಗಳೊಳಗೆ ಅದೇ ಕಾಲು, ಅದೇ ಜಾಗ, ಮತ್ತೆ ಬಾವು. ಈ ಸಲ ನಾವೇ ದೊಡ್ಡ ವೈದ್ಯರಾಗಿ ಬ್ಲೇಡಿನಿಂದ ಹಕ್ಕಳೆ ಕೊಯ್ದೆವು. ರಕ್ತ ಬಂತು, ಕೀವು ಬರಲಿಲ್ಲ. ಮನೆಯಲ್ಲಿ ಉಳಿದಿದ್ದ ನಮ್ಮದೇ ಮಾತ್ರೆಗಳನ್ನು ಅರೆದು ನಾಲ್ಕು ದಿನ ಕುಡಿಸಿ, ಸ್ವಲ್ಪ ಚೇತರಿಸಿದಂತೆ ಕಂಡೊಡನೆ ಬಿಟ್ಟುಬಿಟ್ಟೆವು. ಅಗಸ್ಟಿನಲ್ಲಿ ಮೂರನೆಯ ಸಲ ಬಂದಾಗ ಇನ್ನೊಂದು ಗಿರಿರಾಜದ ಎರಡೂ ಕಾಲು ಊದಿದ್ದವು. ಅದು ಮೇವು ಬಿಟ್ಟು ಮೂಲೆ ಹಿಡಿದು, ಒಂದು ರಾತ್ರಿ ಸತ್ತಿತು.

ಮರುದಿನ ಅವ್ವ ಹಿತ್ತಲಿಗೆ ಹೋಗಲಿಲ್ಲ. "ಈ ಊರಾಗ ಕೋಳಿನೂ ಬಾಳೂದಿಲ್ಲ, ನಾನೂ ಬಾಳೂದಿಲ್ಲ. ನನ್ನ ಊರಿಗೆ ಬಿಟ್ಟ ಬಾ" ಎಂದಳು. ಆಗ ನಮಗೆ ಎಚ್ಚರವಾಯಿತು. ಆ ಹೊತ್ತೇ ಪಶುವೈದ್ಯರನ್ನು ಕರೆತಂದೆವು.

ಡಾಕ್ಟರರು ಬಂದವರು ಕಾಲು ನೋಡುವ ಮೊದಲು, "ಕೋಳಿ ರಾತ್ರಿ ಎಲ್ಲಿ ಕೂಡ್ರುತ್ತದೆ?" ಎಂದು ಕೇಳಿದರು. ಗೂಡು ತೋರಿಸಿದೆವು. ನಾಲ್ಕು ಅಡಿ ಎತ್ತರಕ್ಕೆ ಒಂದು ಕಬ್ಬಿಣದ ಕೊಳವೆ. ಕೆಳಗೆ ಶಹಾಬಾದಿ ಫರಸಿ. ನಮ್ಮ ಕಲಬುರ್ಗಿ ಜಿಲ್ಲೆಯ ಶಹಾಬಾದದ ಕಲ್ಲು ಪುಣೆಯ ಮನೆಮನೆಯ ಹಿತ್ತಲಲ್ಲಿ ಹಾಸಿದೆಯೆಂದು ನಾವು ಹೆಮ್ಮೆ ಪಡುತ್ತಿದ್ದೆವು. ಮನುಷ್ಯರಿಗೆ ಅದು ಒಳ್ಳೆಯದೇ; ಭಾರದ ಕೋಳಿ ಎತ್ತರದಿಂದ ದಿನವೂ ಅದರ ಮೇಲೆ ಧುಮುಕಿದರೆ ಅಂಗಾಲು ಜಜ್ಜಿ ಹೋಗುತ್ತದೆ. ಜಜ್ಜಿದ ತೊಗಲು ಮಳೆಗಾಲದ ಹಸಿ ಮತ್ತು ಹಿಕ್ಕೆಯಲ್ಲಿ ನೆನೆದು ಬಿರಿಯುತ್ತದೆ. ಆ ಬಿರುಕಿನಲ್ಲಿ ರೋಗಾಣು ಹೊಗುತ್ತದೆ.

ಈ ಬೇನೆಗೆ ಇಂಗ್ಲಿಷಿನಲ್ಲಿ ಬಂಬಲ್‌ಫೂಟ್ ಎನ್ನುತ್ತಾರೆ. ಹೆಚ್ಚಾಗಿ ಇದಕ್ಕೆ ಕಾರಣವಾದ ರೋಗಾಣು ಸ್ಟ್ಯಾಫಿಲೊಕಾಕಸ್. 1880ರ ದಶಕದಲ್ಲಿ ಸ್ಕಾಟ್ಲಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಎಂಬವರು ಮನುಷ್ಯರ ಕೀವಿನಲ್ಲಿ ಅದನ್ನು ಕಂಡು, ದ್ರಾಕ್ಷಿಯ ಗೊಂಚಲಿನಂತೆ ತೋರಿದ್ದರಿಂದ ಆ ಹೆಸರಿಟ್ಟರು. ಅದು ನಮ್ಮ ತೊಗಲಿನ ಮೇಲೂ ಮೂಗಿನಲ್ಲೂ ಇರುವಂಥದು. ಆದ್ದರಿಂದ ಕೋಳಿಯ ಗಾಯ ಮುಟ್ಟುವಾಗ ಕೈಗವಸು ಬೇಕು. ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು.

ಬೇನೆ ಮರುಕಳಿಸುವದೇಕೆ? ನಮ್ಮ ಕುರುವಿನ ಕೀವು ನೀರಾಗಿ ಹರಿದುಹೋಗುತ್ತದೆ. ಹಕ್ಕಿಯ ಕೀವು ಹಾಗಲ್ಲ. ಅದು ಗಿಣ್ಣದಂತೆ ಗಟ್ಟಿಯಾಗಿ ಒಳಗೇ ಕೂಡುತ್ತದೆ. ಮೇಲೆ ತೊಗಲು ಕೂಡಿಕೊಂಡರೂ ಒಳಗಿನ ಗಡ್ಡೆ ಹಾಗೆಯೇ ಉಳಿಯುತ್ತದೆ. ಮಾತ್ರೆಯ ಸತ್ತ್ವವೂ ಅದರೊಳಕ್ಕೆ ಸರಿಯಾಗಿ ಇಳಿಯುವದಿಲ್ಲ. ಇದನ್ನು ತಿಳಿಯದೆ ನಾವು "ಗುಣವಾಯಿತು" ಎಂದುಕೊಂಡಿದ್ದೆವು.

ಇನ್ನು ಮನೆಯಲ್ಲಿ ಮಾಡತಕ್ಕದ್ದು. ಬಾವು ಚಿಕ್ಕದಿದ್ದು, ಕೋಳಿ ಮೇವು ತಿನ್ನುತ್ತಿದ್ದರೆ, ಅದನ್ನು ಬೇರೆ ಮಾಡಿ ಒಣ ಹಾಸಿನ ಮೇಲಿಡಿರಿ. ಉಗುರುಬಿಸಿ ನೀರಿಗೆ ಒಂದು ಹಿಡಿ ಎಪ್ಸಮ್ ಉಪ್ಪು ಹಾಕಿ ಕಾಲನ್ನು ಹತ್ತು-ಹದಿನೈದು ನಿಮಿಷ ನೆನೆಯಿಸಿರಿ. ಒರೆಸಿ ಒಣಗಿಸಿ ಪೊವಿಡೋನ್ ಅಯೋಡಿನ್ ಹಚ್ಚಿರಿ. ಮೆತ್ತನೆಯ ಗಾಜ್ ಬಟ್ಟೆಯನ್ನು ಅಂಗಾಲಿಗಿಟ್ಟು, ಬೆರಳುಗಳ ನಡುವೆ ಹಾಯಿಸಿ ಪಟ್ಟಿ ಸುತ್ತಿರಿ. ಬಿಗಿಯಾದರೆ ಬೆರಳು ತಣ್ಣಗಾಗಿ ಬಣ್ಣಗೆಡುತ್ತವೆ, ಅದನ್ನು ನೋಡುತ್ತಿರಬೇಕು. ದಿನಕ್ಕೊಮ್ಮೆ, ತಪ್ಪಿದರೆ ದಿನ ಬಿಟ್ಟು ದಿನ ಪಟ್ಟಿ ಬದಲಿಸಬೇಕು. ಇದು ವಾರಗಟ್ಟಲೆಯ ಕೆಲಸ. ಹಿಚುಕಬಾರದು, ಕೊಯ್ಯಬಾರದು. ಬಾವು ಕಾಲಿನ ಮೇಲಕ್ಕೆ ಏರಿದರೆ, ಕೋಳಿ ಮೇವು ಬಿಟ್ಟರೆ, ಎರಡೂ ಕಾಲಿಗೆ ಬಂದರೆ, ಇಲ್ಲವೆ ಒಮ್ಮೆ ವಾಸಿಯಾದದ್ದು ಮತ್ತೆ ಬಂದರೆ ಮನೆಮದ್ದು ಸಾಕು ಮಾಡಿ ಪಶುವೈದ್ಯರ ಬಳಿಗೆ ಹೋಗಬೇಕು. ಅವರು ನೋವು ತಿಳಿಯದಂತೆ ಮಾಡಿ ಒಳಗಿನ ಗಡ್ಡೆಯನ್ನು ಪೂರ್ತಿ ತೆಗೆಯುತ್ತಾರೆ. ಬೇಕಾದರೆ ಕೀವನ್ನು ಪರೀಕ್ಷೆಗೆ ಕಳಿಸಿ ಯಾವ ಔಷಧ ನಾಟುವದೆಂದು ತಿಳಿಯುತ್ತಾರೆ. ಪುಣೆಯವರಿಗೆ ಒಂದು ಅನುಕೂಲವೆಂದರೆ ರಾಜ್ಯದ ಪಶುಸಂಗೋಪನ ಇಲಾಖೆಯ ರೋಗ ಪರೀಕ್ಷಣ ವಿಭಾಗ ಇಲ್ಲಿಯೇ ಔಂಧದಲ್ಲಿದೆ. ಬೆರಳಿಗೆ ದಾರವೋ ಕೂದಲೋ ಸುತ್ತಿಕೊಂಡು ಕಾಲು ಊದುವದೂ ಉಂಟು. ಕಾಲಿನ ಹುರುಪೆ ಎದ್ದು ಒರಟಾಗಿದ್ದರೆ ಅದು ನುಸಿಯ ಬೇನೆ. ಅದರ ಉಪಚಾರ ಬೇರೆ.

ಮಾತ್ರೆಯ ವಿಷಯಕ್ಕೆ ಡಾಕ್ಟರರು ನಮ್ಮನ್ನು ಚೆನ್ನಾಗಿ ಬೈದರು. ಔಷಧ ಕುಡಿಸಿದ ದಿನಗಳಲ್ಲಿ ಕೆಂಪಿ ಇಟ್ಟ ಮೊಟ್ಟೆಗಳನ್ನು ಮಕ್ಕಳಿಗೆ ಬೇಯಿಸಿ ಕೊಟ್ಟಿದ್ದೆವು! ಔಷಧದ ಅಂಶ ಮೊಟ್ಟೆಯಲ್ಲಿ ಇಳಿಯುತ್ತದೆ. ವೈದ್ಯರು ಹೇಳಿದಷ್ಟು ದಿನ ಅದನ್ನು ಯಾರೂ ತಿನ್ನಬಾರದು. ಅರ್ಧ ಕುಡಿಸಿ ಬಿಟ್ಟ ಔಷಧದಿಂದ ರೋಗಾಣು ಪಳಗಿ ಗಟ್ಟಿಯಾಗುತ್ತದೆ. ನಾಳೆ ಅದೇ ನಮ್ಮ ಮೈಗೆ ಬಂದರೆ ಔಷಧ ನಾಟದು. 2019ರಲ್ಲಿ ಭಾರತ ಸರಕಾರ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ, ದನ, ಮೀನು ಮುಂತಾದವುಗಳಿಗೆ ಕೊಡದಂತೆ ನಿಷೇಧಿಸಿದ್ದು ಇಂಥ ಭಯದಿಂದಲೇ.

ಡಾಕ್ಟರರು ಹೋದ ಮೇಲೆ ಅವ್ವ ಒಂದು ಮಾತಾಡಿದಳು. "ಜುಲೈದಾಗ ಇದನ್ನ ಹೇಳಿದ್ನೆಲ್ಲೋ. ಕಾಲಿಗೆ ಔಷಧ ಹಚ್ಚಾಕತ್ತೀರಿ, ಕಾಲ ಇಡೂ ನೆಲಕ್ಕ ಏನ ಹಚ್ಚೀರಿ ಅಂತ." ನಿಜ, ಹೇಳಿದ್ದಳು. ನಾವು ಕಿವಿಗೆ ಹಾಕಿಕೊಂಡಿರಲಿಲ್ಲ. ಹಳ್ಳಿಯ ಮುದುಕಿಗೆ ರೋಗಾಣುವಿನ ಶಾಸ್ತ್ರ ಏನು ಗೊತ್ತೆಂದು ತಿಳಿದಿದ್ದೆವು. ಶಾಸ್ತ್ರ ಬಲ್ಲವರು ಬಂದು ಅದನ್ನೇ ಹೇಳಿದರು.

ಆ ರವಿವಾರ ಅವ್ವನ ಮೇಲ್ವಿಚಾರಣೆಯಲ್ಲಿ ಗೂಡು ಬದಲಾಯಿತು. ಕಬ್ಬಿಣದ ಕೊಳವೆ ಹೋಗಿ ಎರಡು ಅಂಗುಲ ಅಗಲದ ಮರದ ಪಟ್ಟಿ ಬಂತು. ಅದರ ಅಂಚನ್ನು ಉಜ್ಜಿ ನುಣುಪು ಮಾಡಿದೆವು. ಎತ್ತರ ಒಂದೂವರೆ ಅಡಿಗಿಳಿಯಿತು. ಫರಸಿಯ ಮೇಲೆ ನಾಲ್ಕು ಅಂಗುಲ ಭತ್ತದ ಹೊಟ್ಟು ಹಾಸಿದೆವು. ಅದನ್ನು ದಿನಾಲು ಕೆದರುವದು, ಹಸಿಯಾದಷ್ಟನ್ನು ತೆಗೆದು ಒಣದು ಹಾಕುವದು ಅವ್ವನ ಕೆಲಸ. ನೀರಿನ ಪಾತ್ರೆಯನ್ನು ಮರಳು ತುಂಬಿದ ಬುಟ್ಟಿಯ ಮೇಲಿಟ್ಟೆವು. ಚೆಲ್ಲಿದ ನೀರು ಮರಳಿಗೆ ಇಳಿಯುತ್ತದೆ. ಬೇಲಿಯ ತಂತಿಯ ತುಂಡು, ಮೊಳೆ, ಗಾಜಿನ ಚೂರುಗಳನ್ನೆಲ್ಲ ಆರಿಸಿ ತೆಗೆದೆವು.

ಅವ್ವನೂ ಒಂದು ತಪ್ಪನ್ನು ಒಪ್ಪಿಕೊಂಡಳು. ಪ್ರೀತಿಯಿಂದ ಉಳಿದ ಅನ್ನ, ರೊಟ್ಟಿ, ಜೋಳ ಹಾಕಿ ಹಾಕಿ ಕೆಂಪಿಯನ್ನು ಕೊಬ್ಬಿಸಿದ್ದಳು. ಮೈಭಾರ ಹೆಚ್ಚಿದಷ್ಟೂ ಅಂಗಾಲಿಗೆ ಪೆಟ್ಟು. ಈಗ ಅನ್ನ ಕಡಿಮೆಯಾಗಿ ಕೋಳಿಯ ಸಿದ್ಧ ಮೇವು, ನುಗ್ಗೆಸೊಪ್ಪು, ರಾಜಗಿರಿ ಸೊಪ್ಪು ಬಂದಿವೆ. ಎ ಜೀವಸತ್ತ್ವ ಕಡಿಮೆಯಾದರೂ ತೊಗಲು ಬೇಗ ಕೆಡುತ್ತದೆ. ಹಸಿರು ಸೊಪ್ಪಿನಿಂದ ಅದು ಸಿಗುತ್ತದೆ.

ಕೆಂಪಿಯ ಕಾಲಿನಿಂದ ಡಾಕ್ಟರರು ತೆಗೆದ ಗಡ್ಡೆ ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದಿತ್ತು. ಅಷ್ಟಕ್ಕೆ ಮೂರು ತಿಂಗಳ ಗೋಳು. ಐದು ವಾರ ಪಟ್ಟಿ ಕಟ್ಟಿದೆವು. ದೀಪಾವಳಿಯ ಹೊತ್ತಿಗೆ ಅದು ನೆಟ್ಟಗೆ ಕಾಲೂರಿ ಕೆದರತೊಡಗಿತು. ಇಂದಿನವರೆಗೆ ಬಾವು ಮರಳಿಲ್ಲ. ಈಗ ಪ್ರತಿ ಶುಕ್ರವಾರ ಅವ್ವ ನಾಲ್ಕೂ ಕೋಳಿಗಳನ್ನು ಒಂದೊಂದಾಗಿ ತೊಡೆಯ ಮೇಲೆ ಮಲಗಿಸಿಕೊಂಡು ಅಂಗಾಲು ನೋಡುತ್ತಾಳೆ. ಪಕ್ಕದ ಮನೆಯ ಮರಾಠಿ ಹೆಣ್ಣುಮಗಳೂ ತನ್ನ ಕೋಳಿಯನ್ನು ಕಂಕುಳಲ್ಲಿ ಹಿಡಿದುಕೊಂಡು ಅಂದು ಬಂದು ಕೂಡ್ರುತ್ತಾಳೆ. ಇಬ್ಬರ ಭಾಷೆ ಬೇರೆ. ಕೆಲಸಕ್ಕೆ ಅದರಿಂದ ಅಡ್ಡಿಯಾದದ್ದನ್ನು ನಾವು ಕಾಣೆವು. ಊರಿಗೆ ಬಿಟ್ಟು ಬಾ ಎಂಬ ಮಾತನ್ನು ಅವ್ವ ಮತ್ತೆ ಎತ್ತಿಲ್ಲ. "ಸಂಕ್ರಾಂತಿಗೆ ನಾಕ ದಿನ ಹೋಗಿ ಬರೂಣು, ಕೋಳಿಗೆ ಯಾರನ್ನರ ನೋಡಿ ಇಡು" ಎಂದಷ್ಟೇ ಹೇಳಿದ್ದಾಳೆ.

ಫ್ಲ್ಯಾಟುಗಳಲ್ಲಿ ಇರುವವರು ಕೋಳಿ ತರುವ ಮೊದಲು ತಮ್ಮ ಸೊಸಾಯಿಟಿಯ ನಿಯಮ ಕೇಳಿಕೊಳ್ಳಬೇಕು. ತಂದವರು ಮೊದಲು ನೆಲ ನೋಡಲಿ, ಆಮೇಲೆ ಕೋಳಿ ನೋಡಲಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೊಂದು ಮಾತು ಕೇಳಲಿ. ವಾಚಕರ ಮನೆಗಳಲ್ಲಿ ಈ ಬೇನೆಗೆ ಬೇರೆ ಅನುಭವ ಬಂದಿದ್ದರೆ ಬರೆದು ತಿಳಿಸಬೇಕು. ಮುಂದಿನ ಸಂಚಿಕೆಯಲ್ಲಿ ಅವನ್ನು ಸಂತೋಷದಿಂದ ಕೊಡುವೆವು.