ಅಂಕಿಗಳ ಸಭೆಯೂ ಅಕ್ಷರದ ಗತಿಯೂ

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳಲ್ಲಿ ವಿದ್ಯೆ ಏತಕ್ಕೆ ಹಿಂದುಳಿದಿದೆಯೆಂದು ಕೇಳಿದರೆ ವಿದ್ಯಾವಂತರ ಮನೆಗಳಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ: ಮೇಷ್ಟರು ಪಾಠ ಹೇಳುವುದಿಲ್ಲ. ಹೀಗೆನ್ನುವವರಲ್ಲಿ ಅನೇಕರು ತಮ್ಮ ಮಕ್ಕಳನ್ನು ಊರ ಸರ್ಕಾರಿ ಶಾಲೆಯ ಹೊಸ್ತಿಲು ದಾಟಿಸಿದವರಲ್ಲ. ಬೆಳಗಾದರೆ ಹಳದಿ ಬಸ್ಸು ಬಾಗಿಲಿಗೆ ಬರುತ್ತದೆ. ಮಗು ಪೇಟೆಯ ಶಾಲೆಗೆ ಹೋಗುತ್ತದೆ. ತೀರ್ಪು ಮಾತ್ರ ಹಳ್ಳಿಯ ಶಾಲೆಯ ಮೇಲೆ ಬೀಳುತ್ತದೆ. ಪ್ರತ್ಯಕ್ಷವೂ ಇಲ್ಲದೆ, ಅನುಮಾನಕ್ಕೆ ತಕ್ಕ ಹೇತುವೂ ಇಲ್ಲದೆ ಇಷ್ಟು ನಿಶ್ಚಯದಿಂದ ನುಡಿಯುವ ಧೈರ್ಯ ತರ್ಕಶಾಸ್ತ್ರವನ್ನು ಓದಿದವರಿಗೆ ಸಹ ಬರುವುದಿಲ್ಲ.

ಹಿಂದುಳಿದಿರುವುದೇನೋ ನಿಜ. 2011ರ ಜನಗಣತಿಯಲ್ಲಿ ಚಾಮರಾಜನಗರ ಜಿಲ್ಲೆಯ ಸಾಕ್ಷರತೆ ನೂರಕ್ಕೆ 61.43, ರಾಜ್ಯದ ಸರಾಸರಿ 75.36. ಆ ಪಟ್ಟಿಯಲ್ಲಿ ಈ ಜಿಲ್ಲೆಗಿಂತ ಕೆಳಗಿದ್ದವು ರಾಯಚೂರು, ಯಾದಗಿರಿ ಎರಡೇ. ಸ್ತ್ರೀಯರಲ್ಲಿ ಈ ಸಂಖ್ಯೆ 55ನ್ನು ಕೂಡ ಮುಟ್ಟಲಿಲ್ಲ. ಯಳಂದೂರು ಸಂಚಿಯ ಹೊನ್ನಮ್ಮನ ಊರೆಂದು ಪ್ರತಿವರ್ಷವೂ ಸಾಹಿತ್ಯ ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದ ಹೆಣ್ಣೊಬ್ಬಳು ‘ಹದಿಬದೆಯ ಧರ್ಮ’ವನ್ನು ರಚಿಸಿ ಮುನ್ನೂರು ವರ್ಷಗಳಿಗೆ ಮೇಲಾಯಿತು. ಅದನ್ನು ಓದಬಲ್ಲ ಹೆಂಗಸರು ಅವಳ ಜಿಲ್ಲೆಯಲ್ಲಿ ನೂರಕ್ಕೆ ಎಷ್ಟು ಮಂದಿಯೆಂದು ಹಾರ ಹಾಕಿಸಿಕೊಳ್ಳುವ ಭಾಷಣಕಾರರು ಕೇಳಿಕೊಂಡ ಹಾಗೆ ಕಾಣುವುದಿಲ್ಲ.

ಆದರೆ ಕಾರಣವನ್ನು ಉಪಾಧ್ಯಾಯರ ಸೋಮಾರಿತನದಲ್ಲಿ ಹುಡುಕುವುದು ವ್ಯರ್ಥ. ಸೋಮಾರಿಗಳು ಎಲ್ಲ ವೃತ್ತಿಗಳಲ್ಲಿಯೂ ಇರುವಷ್ಟು ಇಲ್ಲಿಯೂ ಇದ್ದಾರು. ನಿಜವಾದ ದೋಷ ಬೇರೆಯದು; ಒಬ್ಬ ಉಪಾಧ್ಯಾಯನು ಕಂಡುಕೊಂಡದ್ದು ಮತ್ತೊಬ್ಬ ಉಪಾಧ್ಯಾಯನಿಗೆ ತಲಪುವ ದಾರಿ ಈ ಸೀಮೆಯಲ್ಲಿ ಮುಚ್ಚಿಹೋಗಿದೆ.

ವಿದ್ಯೆಯಲ್ಲಿ ಕಾಲುಪಾಲು ಸಬ್ರಹ್ಮಚಾರಿಗಳಿಂದ ಬರತಕ್ಕದ್ದೆಂಬುದು ಪಾಠಶಾಲೆಗಳ ಹಳೆಯ ಲೆಕ್ಕ. ಪಂಡಿತನಾದ ಮೇಲೂ ಈ ಋಣ ಹರಿಯುವುದಿಲ್ಲವೆಂಬುದಕ್ಕಾಗಿಯೇ ವಾಕ್ಯಾರ್ಥ ಸಭೆಗಳು ಹುಟ್ಟಿದ್ದು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯನು ವೈದ್ಯನೊಡನೆ ಮಾತನಾಡಬೇಕೆಂಬ ವಿಧಿಯಿದೆ. ಅದಕ್ಕೆ ತದ್ವಿದ್ಯಸಂಭಾಷೆಯೆಂದು ಹೆಸರು. ಸ್ನೇಹದಿಂದ ಕೂಡಿ ಆಡುವ ಸಂಧಾಯ ಸಂಭಾಷೆ, ಗೆಲ್ಲಬೇಕೆಂದು ಆಡುವ ವಿಗೃಹ್ಯ ಸಂಭಾಷೆ ಎಂದು ಅದರಲ್ಲಿ ಎರಡು ಬಗೆ. ಮೂರನೆಯದೊಂದು ಬಗೆ, ಎಂದರೆ ಎಲ್ಲರೂ ಕೂಡಿ ಕುಳಿತು ಯಾರೂ ತಮ್ಮ ವಿದ್ಯೆಯ ಮಾತೆತ್ತದೆ ಎದ್ದುಹೋಗುವುದು, ಚರಕನಿಗೆ ಹೊಳೆದಿರಲಿಲ್ಲ. ಅದನ್ನು ಕಂಡುಹಿಡಿದ ಕೀರ್ತಿ ಈ ಕಾಲದ ಸಮಾಲೋಚನಾ ಸಭೆಗೆ ಸಲ್ಲಬೇಕು.

ಈ ಸಭೆಯ ಹುಟ್ಟು ಕೆಟ್ಟದ್ದಲ್ಲ. ಒಂದು ಪ್ರೌಢಶಾಲೆಯನ್ನೂ ಅದರ ಸುತ್ತಣ ಪ್ರಾಥಮಿಕ ಶಾಲೆಗಳನ್ನೂ ಒಂದು ಸಂಕುಲವಾಗಿ ಕಟ್ಟಿ ಉಪಾಧ್ಯಾಯರ ಒಂಟಿತನವನ್ನು ಕಳೆಯಬೇಕೆಂದು 1964–66ರ ಕೊಠಾರಿ ಆಯೋಗವೇ ಸೂಚಿಸಿತ್ತು. 1990ರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಬಂದಾಗ ಹತ್ತಾರು ಶಾಲೆಗಳಿಗೆ ಒಂದು ಸಮೂಹ ಸಂಪನ್ಮೂಲ ಕೇಂದ್ರ, ತಾಲ್ಲೂಕಿಗೆ ಒಂದು ಕ್ಷೇತ್ರ ಸಂಪನ್ಮೂಲ ಕೇಂದ್ರ ಎಂಬ ಏರ್ಪಾಡಾಯಿತು. ತಿಂಗಳಿಗೊಮ್ಮೆ ಸಮೂಹದ ಉಪಾಧ್ಯಾಯರು ಒಂದೆಡೆ ಸೇರಿ ಪಾಠದ ತೊಡಕುಗಳನ್ನು ಬಿಡಿಸಿಕೊಳ್ಳಬೇಕೆಂಬುದು ಉದ್ದೇಶ. ಸಮಾಲೋಚನ ಎಂದರೆ ಚೆನ್ನಾಗಿ ನೋಡುವುದು. ಇಂದು ಅಲ್ಲಿ ನೋಡುವುದು ಏನನ್ನು? ಎಷ್ಟು ಮಕ್ಕಳಿಗೆ ಆಧಾರ್ ಆಯಿತು, ಎಷ್ಟು ಹೆಸರು ಸ್ಯಾಟ್ಸ್‌ಗೆ ಏರಿತು, ಯುಡೈಸ್ ನಮೂನೆ ಏಕೆ ತುಂಬಲಿಲ್ಲ, ಮೊಟ್ಟೆಯ ಲೆಕ್ಕವೇನು, ಹಾಲಿನ ಪುಡಿಯ ಲೆಕ್ಕವೇನು, ನಿನ್ನೆಯ ಸುತ್ತೋಲೆಗೆ ಇಂದು ಸಂಜೆಯೊಳಗೆ ಉತ್ತರವೆಲ್ಲಿ. ಮೂರನೆಯ ತರಗತಿಯ ಮಗು ‘ಕೊಳ್ಳೇಗಾಲ’ ಎಂಬ ಪದದ ಒತ್ತಕ್ಷರದಲ್ಲಿ ಏಕೆ ಮುಗ್ಗರಿಸುತ್ತದೆಂಬ ಪ್ರಶ್ನೆಗೆ ಸಂಜೆಯವರೆಗೂ ಸರದಿ ಬರುವುದಿಲ್ಲ.

ಮೊಟ್ಟೆ, ಹಾಲು, ಅನ್ನಗಳ ಮೇಲೆ ಈ ಆಕ್ಷೇಪವಲ್ಲ. ಹಸಿದ ಮಗುವಿಗೆ ಅಕ್ಷರ ಹತ್ತದು. ಬಿಸಿಯೂಟವನ್ನು ಹಳಿಯುವವರು ಕಾಡಂಚಿನ ಊರುಗಳನ್ನು ಕಂಡವರಲ್ಲ. ಆದರೆ ಅಕ್ಷರದಾಸೋಹವೆಂದು ಹೆಸರಿಟ್ಟುಕೊಂಡ ಮೇಲೆ ದಾಸೋಹದ ಲೆಕ್ಕ ಒಪ್ಪಿಸುವುದಕ್ಕೆ ಅಕ್ಷರದ ದಿನವನ್ನು ಬಲಿಗೊಡುವುದು ವಿಪರೀತ.

ಹಾಗಾದರೆ ಉಪಾಧ್ಯಾಯರು ಕೂಡಿ ಆಡಬೇಕಾದದ್ದು ಅಷ್ಟೊಂದು ಏನಿದೆಯೆಂದು ಕೆಲವರು ಕೇಳುವರು. ಪಠ್ಯಪುಸ್ತಕ ಒಂದೇ, ವರ್ಣಮಾಲೆ ಒಂದೇ ಅಲ್ಲವೆ? ವರ್ಣಮಾಲೆ ಒಂದೇ; ಅದನ್ನು ಕಲಿಯಲು ಬರುವ ನಾಲಗೆ ಒಂದೇ ಅಲ್ಲ. ಯಳಂದೂರು, ಕೊಳ್ಳೇಗಾಲಗಳ ಬಯಲಿನ ಮನೆಮಾತಿನಲ್ಲಿ ಹಾಲು ‘ಆಲು’, ಹಣ್ಣು ‘ಅಣ್ಣು’, ಹೊಲ ‘ಒಲ’. ಮಗು ಮನೆಯಲ್ಲಿ ಕೇಳದ ಹಕಾರವನ್ನು ಪುಸ್ತಕದಲ್ಲಿ ಕಾಣುತ್ತದೆ. ತಿದ್ದಿದರೆ ಹೆದರಿ, ಇಲ್ಲದ ಕಡೆಯೂ ಹಕಾರವನ್ನು ತಂದು ‘ಆಸೆ’ಯನ್ನು ‘ಹಾಸೆ’ ಎನ್ನುತ್ತದೆ. ಇದನ್ನು ಅಶುದ್ಧವೆಂದು ಗದರಿಸಿದ ಉಪಾಧ್ಯಾಯನಿಗೆ ಒಂದು ಫಲ. ಇದು ಮಗುವಿನ ಮನೆಯ ಮಾತು, ಪುಸ್ತಕದ್ದು ಇನ್ನೊಂದು ಮಾತು ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ಹಲಗೆಯ ಮೇಲೆ ಬರೆದವನಿಗೆ ಬೇರೊಂದು ಫಲ. ಎರಡನೆಯವನ ಉಪಾಯ ಪಕ್ಕದ ಊರಿಗೆ ಹೋಗುವ ಬಗೆ ಹೇಗೆ?

ಹನೂರಿನ ಪೂರ್ವಕ್ಕೆ ಮಾರ್ಟಳ್ಳಿ, ಗೋಪಿನಾಥಂ ಕಡೆಗೆ ಹೋದರೆ ತಮಿಳು ಮನೆಮಾತಿನ ಮಕ್ಕಳು. ತಮಿಳು ಬರೆಹದಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ, ತ-ದ ಎರಡಕ್ಕೂ ಒಂದೇ. ಅಚ್ಚ ತಮಿಳು ಪದಗಳ ಮೊದಲಲ್ಲಿ ಗಕಾರ ದಕಾರಗಳು ನಿಲ್ಲುವುದೂ ಇಲ್ಲ. ಅಲ್ಲಿಯ ಉಪಾಧ್ಯಾಯನ ತೊಡಕು ಯಳಂದೂರಿನವನ ತೊಡಕಲ್ಲ. ಮಲೆ ಮಾದೇಶ್ವರ ಬೆಟ್ಟದ ಸುತ್ತಣ ಕಾಡೂರುಗಳಲ್ಲಿಯೂ ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿಯೂ ಸೋಲಿಗರ ಮಕ್ಕಳದು ಇನ್ನೊಂದು ನುಡಿ. ಬಿಳಿಗಿರಿಯಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ 1981ರಲ್ಲಿ ಆರಂಭವಾಯಿತು; ಡಾಕ್ಟರ್ ಸುದರ್ಶನ್ ಅವರು ಸ್ಥಾಪಿಸಿದ ಆ ಸಂಸ್ಥೆಯ ಶಾಲೆಯಲ್ಲಿ ಸೋಲಿಗರ ಮಕ್ಕಳಿಗೆ ಓದು ಕಲಿಸಿದವರ ಅನುಭವ ದಶಕಗಳದ್ದು. ಯಳಂದೂರು ತಾಲ್ಲೂಕಿನ ಬೆಟ್ಟದ ಮೇಲೆ ಕೂಡಿದ ಆ ಬುದ್ಧಿ ಹನೂರು ತಾಲ್ಲೂಕಿನ ಬೆಟ್ಟಕ್ಕೆ ಇಳಿದು ಏರಬೇಕಾದರೆ ಎರಡು ವಲಯಗಳ ಗಡಿ ದಾಟಬೇಕು. ಸೋಲಿಗನಿಗೆ ಕಾಡು ಒಂದೇ. ಇಲಾಖೆಗೆ ಕಡತ ಎರಡು.

ಗಡಿಯ ಮಾತು ಬಂದದ್ದರಿಂದ ಒಂದು ಹಳೆಯ ಸಂಗತಿಯನ್ನು ಇಲ್ಲಿ ನೆನೆಯಬಹುದು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಇಂದಿನ ಹನೂರು ಅದರೊಳಗೇ ಇತ್ತು. ಕೂಗಳತೆಯೆನ್ನಬಹುದಾದ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದು ಮೈಸೂರಿಗೆ ಸೇರಿದ್ದ ಸೀಮೆ. ಹತ್ತು ಹದಿನೈದು ಕಿಲೋಮೀಟರಿನ ಅಂತರದ ಎರಡು ಊರುಗಳ ಮಕ್ಕಳು ಎರಡು ಸರ್ಕಾರಗಳ ವಿದ್ಯಾ ಇಲಾಖೆಯ ಕೆಳಗೆ ಒಂದೇ ಕನ್ನಡವನ್ನು ಕಲಿತರು. ಏಕೀಕರಣವಾಯಿತು, 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು, ಈಚೆಗೆ 2018ರಲ್ಲಿ ಹನೂರು ತಾಲ್ಲೂಕೂ ಆಯಿತು. ಭೂಪಟದಲ್ಲಿ ಗೆರೆಗಳು ಬದಲಾದವು. ಉಪಾಧ್ಯಾಯರ ನಡುವಣ ಗೆರೆ ಮಾತ್ರ ಇದ್ದಲ್ಲಿಯೇ ಇದೆ. ಏಕೀಕರಣಕ್ಕಾಗಿ ಹೋರಾಡಿದ ಹಿರಿಯರು ಬಯಸಿದ್ದು ಕಂದಾಯದ ಕಚೇರಿಗಳ ಏಕೀಕರಣವನ್ನಷ್ಟೇ ಅಲ್ಲವಷ್ಟೆ!

ಉಪಾಧ್ಯಾಯರು ಕೂಡಿದರೆ ಏನಾದೀತೆಂಬುದಕ್ಕೆ ದೃಷ್ಟಾಂತವನ್ನು ದೂರ ದೇಶದಿಂದ ತರಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಉಪಾಧ್ಯಾಯರು ಆಂಧ್ರದ ಮದನಪಲ್ಲಿಯ ಬಳಿ ಇರುವ ರಿಷಿ ವ್ಯಾಲಿ ಶಾಲೆಯ ಗ್ರಾಮೀಣ ಪಾಠಕ್ರಮವನ್ನು ಕಂಡುಬಂದರು. ಯುನಿಸೆಫ್ ನೆರವು ದೊರೆಯಿತು. ಬಂದವರು ಕಂಡದ್ದನ್ನು ಹಾಗೆಯೇ ಇಳಿಸಿಕೊಳ್ಳಲಿಲ್ಲ. ತಮ್ಮ ಕಾಡಂಚಿನ ಶಾಲೆಗಳಲ್ಲಿ ಕೂಡಿ ಕುಳಿತು, ಕಾರ್ಡುಗಳನ್ನು ಬರೆದು, ಮಕ್ಕಳ ಮೇಲೆ ಪ್ರಯೋಗಿಸಿ, ಹರಿದು, ಮತ್ತೆ ಬರೆದು ‘ನಲಿ–ಕಲಿ’ಯನ್ನು ಕಟ್ಟಿದರು. ಆಗ ಕೊಳ್ಳೇಗಾಲವೂ ಹೆಗ್ಗಡದೇವನಕೋಟೆಯೂ ಒಂದೇ ಮೈಸೂರು ಜಿಲ್ಲೆಯವು. ಅಕಾರಾದಿ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ಓದು ತೊಡಗಿತು. ಮಾಹೇಶ್ವರ ಸೂತ್ರಗಳನ್ನು ಬಾಯಿಪಾಠ ಮಾಡಿ ಬೆಳೆದ ಹಳೆಯ ಪಂಡಿತರಿಗೆ ಇದು ಅಪಚಾರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಸೂತ್ರಗಳೂ ಅಕಾರಾದಿ ಕ್ರಮವನ್ನು ಬಿಟ್ಟು ಶಾಸ್ತ್ರದ ಪ್ರಯೋಜನಕ್ಕೆ ತಕ್ಕಂತೆ ವರ್ಣಗಳನ್ನು ಜೋಡಿಸಿದವುಗಳೇ. ಐದು ಅಕ್ಷರ ಕಲಿತ ಮಗು ಆ ವಾರವೇ ಅರಸ, ಸರ, ದಸರ, ಗರಗಸ ಎಂದು ಓದಿತು. ಓದು ಎಂಬುದು ಅರ್ಥದೊಡನೆ ಬರುವ ವಸ್ತುವೆಂದು ಅದಕ್ಕೆ ಮೊದಲ ವಾರದಲ್ಲಿಯೇ ತಿಳಿಯಿತು.

ಮುಂದೆ ಆದದ್ದೇನು? 2009–10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಕಾರ್ಡುಗಳು ಅಚ್ಚಾಗಿ ಬಂದವು, ತಟ್ಟೆಗಳು ಬಂದವು, ಏಣಿಯ ಪಟ ಗೋಡೆಗೇರಿತು. ಬಾರದೆ ಉಳಿದದ್ದು ಒಂದೇ, ಅವನ್ನು ಹುಟ್ಟಿಸಿದ ಕೂಟ. ಹನೂರಿನ ತಮಿಳು ಮಗುವಿಗೆ ‘ಗರಗಸ’ದ ಗಕಾರ, ‘ದಸರ’ದ ದಕಾರ ಮೊದಲ ದಿನವೇ ಕಾಲಿಗೆ ತೊಡರಬಹುದು. ಹೆಗ್ಗಡದೇವನಕೋಟೆಯವರು ತಮ್ಮ ಮಕ್ಕಳನ್ನು ನೋಡಿ ಜೋಡಿಸಿದ ಹಾಗೆ ಇಲ್ಲಿಯವರೂ ತಮ್ಮ ಮಕ್ಕಳನ್ನು ನೋಡಿ ಅಲ್ಲಿಷ್ಟು ಇಲ್ಲಿಷ್ಟು ತಿದ್ದಬೇಕಾಗಿತ್ತು. ತಿದ್ದುವ ಅಧಿಕಾರವೂ ಇಲ್ಲ, ಕೂಡುವ ಹೊತ್ತೂ ಇಲ್ಲ. ಉಪಾಧ್ಯಾಯರು ಹುಟ್ಟಿಸಿದ ಪದ್ಧತಿ ಉಪಾಧ್ಯಾಯರಿಗೇ ಆಜ್ಞೆಯಾಗಿ ಮರಳಿ ಬಂದಿತು. ಆಮೇಲೆ ಅದು ಸಾಗಲಿಲ್ಲವೆಂದು ಪದ್ಧತಿಯನ್ನು ದೂರಿದವರೂ ಇದ್ದಾರೆ! ಕಸಿ ಮಾಡಿದ ಗಿಡಕ್ಕೆ ನೀರೆರೆಯದೆ ಮರದ ಜಾತಿಯನ್ನು ಬಯ್ದ ಹಾಗಾಯಿತು.

ತಪಾಸಣೆ ಬಿಗಿಯಾದರೆ ಎಲ್ಲ ಸರಿಹೋಗುವುದೆಂದು ಹೇಳುವ ಪಕ್ಷವೊಂದುಂಟು. ತಪಾಸಣೆಯಿಂದ ಉಪಾಧ್ಯಾಯನು ಶಾಲೆಯಲ್ಲಿ ಇರುವನು. ಒತ್ತಕ್ಷರ ಕಲಿಸುವ ಉಪಾಯ ತಪಾಸಣೆಯಿಂದ ಹೊಳೆಯುವುದಿಲ್ಲ. ಯಂತ್ರದ ಪರದೆಯನ್ನು ಪ್ರತಿ ಮಗುವಿನ ಕೈಗೂ ಕೊಟ್ಟರೆ ಮೇಷ್ಟರ ಗೊಡವೆಯೇ ಬೇಡವೆಂಬುದು ಇನ್ನೊಂದು ಪಕ್ಷ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಈ ಪಕ್ಷಕ್ಕೆ ಪರೀಕ್ಷೆಯಾಯಿತು. ಆ ವರ್ಷದ ‘ವಿದ್ಯಾಗಮ’ದಲ್ಲಿ ಮಕ್ಕಳನ್ನು ಹುಡುಕಿಕೊಂಡು ಗುಡಿಯ ಜಗಲಿಗೂ ಮರದ ನೆರಳಿಗೂ ಹೋದವರು ಉಪಾಧ್ಯಾಯರು, ಸಂಕೇತವೇ ಹತ್ತದ ಊರಿನಲ್ಲಿ ಪರದೆಯಿಂದ ಏನು ಪ್ರಯೋಜನ? ಇವೆರಡಕ್ಕೂ ಉತ್ತರ ಸುಲಭ. ಕಷ್ಟವಾದ ಆಕ್ಷೇಪ ಮೂರನೆಯದು. ಸಭೆಯನ್ನು ಅವರ ಕೈಗೇ ಬಿಟ್ಟರೆ ಉಪಾಧ್ಯಾಯರು ಬಡ್ತಿ, ವರ್ಗಾವಣೆ, ತುಟ್ಟಿಭತ್ಯಗಳನ್ನೇ ಮಾತನಾಡಿ ಏಳುವರೆಂಬುದು. ಇದರಲ್ಲಿ ಸುಳ್ಳಿಲ್ಲ. ತನ್ನ ತರಗತಿಯ ಸೋಲನ್ನು ನೆರೆಯವನ ಮುಂದೆ ಬಿಚ್ಚಲು ನಾಚುವ ಗುಣ ಈ ವೃತ್ತಿಯಲ್ಲಿ ಬಹಳ. ‘ನನ್ನ ಮಕ್ಕಳೆಲ್ಲ ಓದುತ್ತಾರೆ’ ಎಂದು ಹೇಳಿ ಮುಗಿಸುವವನಿಗೆ ಕೂಟದಿಂದ ಲಾಭವಿಲ್ಲ, ಕೂಟಕ್ಕೆ ಅವನಿಂದಲೂ ಇಲ್ಲ. ಆದಕಾರಣ ಸಭೆಗೆ ಬರುವ ಪ್ರತಿಯೊಬ್ಬನೂ ಓದಲು ಬಾರದ ಮೂರು ಮಕ್ಕಳ ಕಾಪಿ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ಬರಬೇಕು. ಪುಸ್ತಕ ನಡುವೆ ಬಿದ್ದ ಮೇಲೆ ತುಟ್ಟಿಭತ್ಯದ ಮಾತು ತಾನಾಗಿ ಹಿಂದೆ ಸರಿಯುತ್ತದೆ.

ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 27ನೆಯ ಪ್ರಕರಣದಂತೆ ಜನಗಣತಿ, ವಿಪತ್ತಿನ ಪರಿಹಾರ, ಚುನಾವಣೆ ಈ ಮೂರನ್ನುಳಿದು ಶಿಕ್ಷಣಕ್ಕೆ ಸೇರದ ಯಾವ ಕೆಲಸಕ್ಕೂ ಉಪಾಧ್ಯಾಯರನ್ನು ಹಚ್ಚಕೂಡದು. ತಿಂಗಳಲ್ಲಿ ಆ ಒಂದು ದಿನ ಯಾವ ನಮೂನೆಯನ್ನೂ ಕೇಳಕೂಡದೆಂದು ಅಧಿಕಾರಿಗಳು ಒಂದು ಸಾಲಿನ ಆಜ್ಞೆ ಹೊರಡಿಸಿದರೆ ಸಾಕು. ಅಂಕಿಗಳನ್ನು ಮರುದಿನ ಕಳುಹಿಸಿದರೆ ಯಾವ ರಾಜ್ಯವೂ ಮುಳುಗದು. ಮೂರು ತಿಂಗಳಿಗೊಮ್ಮೆಯಾದರೂ ಮೂರು ತಾಲ್ಲೂಕುಗಳವರು ಒಟ್ಟಿಗೆ ಕೂಡಬೇಕು. ಬಿಳಿಗಿರಿಯವನು ಮಾದೇಶ್ವರ ಬೆಟ್ಟದವನೊಡನೆ, ಮಾರ್ಟಳ್ಳಿಯವನು ಯಳಂದೂರಿನವನೊಡನೆ ಮಾತನಾಡಿ, ಹೊಳೆದ ಉಪಾಯವನ್ನು ಎರಡು ಪುಟದಲ್ಲಿ ಬರೆದಿಡಬೇಕು. ಇಂಥ ಬರೆಹಕ್ಕೆ ಜಿಲ್ಲೆಯ ಸಾಹಿತ್ಯ ಪತ್ರಿಕೆಗಳು ಪ್ರತಿ ಸಂಚಿಕೆಯಲ್ಲಿ ನಾಲ್ಕು ಪುಟ ಬಿಡಬೇಕು. ಭಾವಗೀತೆಗಳು ನಾಲ್ಕು ಕಡಿಮೆಯಾದರೆ ಓದುಗರು ಯಾರೂ ದೂರಲಾರರು.

ಮನೆಯವರ ಪಾಲೂ ಇದೆ. ಪೇಟೆಯ ಶಾಲೆಗೆ ಮಕ್ಕಳನ್ನು ಕಳುಹಿಸಲು ಅವರಿಗೆ ಸ್ವಾತಂತ್ರ್ಯವುಂಟು. ಅದನ್ನು ಯಾರೂ ಕಸಿಯಲಾರರು. ವಾರಕ್ಕೊಂದು ಸಂಜೆ ಪಕ್ಕದ ಬೀದಿಯ ಶಾಲೆಯ ಮೂರನೆಯ ತರಗತಿಯ ಮಗುವೊಂದನ್ನು ಕೂರಿಸಿಕೊಂಡು ಒಂದು ಪುಟ ಓದಿಸಿ ನೋಡಲಿ. ಮೇಷ್ಟರ ಮೇಲಣ ತೀರ್ಪನ್ನು ಆಮೇಲೆ ಬರೆಯಬಹುದು.

ಸಾಹಿತ್ಯ ಸಂಘಗಳ ಸಭಾಂಗಣಗಳು ವರ್ಷದ ಬಹು ದಿನ ಬೀಗ ಹಾಕಿಕೊಂಡೇ ಇರುತ್ತವೆ. ಕೊಳ್ಳೇಗಾಲದಲ್ಲಿ ಅಂಥದೊಂದು ಬಾಗಿಲನ್ನು ಮೂರು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ತೆರೆದುಕೊಡುವುದು ಕಾರ್ಯದರ್ಶಿಗಳಿಗೆ ಕಷ್ಟವಾಗಲಾರದು. ಮಾದೇಶ್ವರ ಬೆಟ್ಟದಿಂದ ಬರುವವರಿಗೆ ಎಂಬತ್ತು ಕಿಲೋಮೀಟರಿನ ದಾರಿ. ಘಟ್ಟ ಹತ್ತುವ ಬಸ್ಸು ತಪ್ಪದ ಹಾಗೆ ಸಭೆಯನ್ನು ನಾಲ್ಕು ಗಂಟೆಗೆ ಮುಗಿಸಬೇಕು.