ಎಂಟು ವಾರ ತಾಯಿಯ ಜೊತೆಗಿರಲಿ

ನಾಯಿಮರಿ ಕೊಳ್ಳಲು ಹೊರಟವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಬಣ್ಣ, ಆಮೇಲೆ ಗಂಡೋ ಹೆಣ್ಣೋ. ಇದರ ತಾಯಿ ಎಲ್ಲಿದೆ, ಒಮ್ಮೆ ತೋರಿಸಿ ಎನ್ನುವವರು ಕಡಿಮೆ. ಎಷ್ಟು ದಿನದ ಮರಿ ಎಂದು ಕೇಳಿ, ಮೂವತ್ತೈದು ದಿನ ಎಂಬ ಉತ್ತರ ಬಂದರೂ ಯಾರೂ ಹಿಂದೆ ಸರಿಯುವುದಿಲ್ಲ. ಸಣ್ಣದಿರುವಾಗಲೇ ತಂದರೆ ನಮಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿ ಬೇರೂರಿದೆ. ಆ ನಂಬಿಕೆ ತಪ್ಪು. ಮನೆಗೆ ಬಂದವರ ಮೇಲೆಲ್ಲ ಎಗರುವ ನಾಯಿ, ಪಟಾಕಿ ಸದ್ದಿಗೆ ಮಂಚದಡಿ ಸೇರಿ ಗಂಟೆಗಟ್ಟಲೆ ನಡುಗುವ ನಾಯಿ, ಮಕ್ಕಳು ಹತ್ತಿರ ಬಂದರೆ ಹಲ್ಲು ತೋರಿಸುವ ನಾಯಿ, ಇವುಗಳಲ್ಲಿ ಎಷ್ಟೋ ನಾಯಿಗಳ ತೊಂದರೆ ಅವು ಹೊಸ ಮನೆಯ ಹೊಸ್ತಿಲು ತುಳಿಯುವ ಮೊದಲೇ ಶುರುವಾಗಿರುತ್ತದೆ.

ಹುಟ್ಟುವಾಗ ಮರಿಯ ಕಣ್ಣು, ಕಿವಿ ಎರಡೂ ಮುಚ್ಚಿರುತ್ತವೆ. ಎರಡನೇ ವಾರದ ಸುಮಾರಿಗೆ ಕಣ್ಣು ಬಿಡುತ್ತದೆ, ಮೂರನೇ ವಾರದ ಹೊತ್ತಿಗೆ ಕಿವಿ ಕೇಳತೊಡಗುತ್ತದೆ. ಅಲ್ಲಿಂದ ಸುಮಾರು ಹನ್ನೆರಡನೇ ವಾರದವರೆಗೆ ಮರಿಯ ಮನಸ್ಸು ತೆರೆದಿರುತ್ತದೆ. ಆ ಅವಧಿಯಲ್ಲಿ ಕಂಡದ್ದು, ಕೇಳಿದ್ದು, ಮುಟ್ಟಿದ್ದು ಅದಕ್ಕೆ ತನ್ನ ಬದುಕಿನ ಭಾಗ. ಕಾಣದೇ ಉಳಿದದ್ದು ಮುಂದೆ ಭಯ ಹುಟ್ಟಿಸುವ ವಸ್ತು. ಅಮೆರಿಕದ ಬಾರ್ ಹಾರ್ಬರ್ ಎಂಬ ಊರಿನ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಯ ನಾಯಿಗಳನ್ನು ವರ್ಷಗಟ್ಟಲೆ ಗಮನಿಸಿ, 1965ರಲ್ಲಿ ಪುಸ್ತಕವಾಗಿ ಬರೆದಿಟ್ಟದ್ದು ಇದನ್ನೇ. 1961ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಮರಿಗಳನ್ನು ಎತ್ತರದ ಬೇಲಿಯ ಬಯಲಿನಲ್ಲಿ, ಮನುಷ್ಯರ ಒಡನಾಟವೇ ಇಲ್ಲದಂತೆ ತಾಯಿಯೊಡನೆ ಬಿಟ್ಟಿದ್ದರು. ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ಗುಂಪನ್ನು ಹೊರಗೆ ತಂದು ಒಂದು ವಾರ ಜನರೊಡನೆ ಇಟ್ಟು ನೋಡಿದರು. ಹದಿನಾಲ್ಕು ವಾರದವರೆಗೆ ಮನುಷ್ಯರ ಒಡನಾಟ ಸಿಗದ ಮರಿಗಳು ಆಮೇಲೆ ಕಾಡುಪ್ರಾಣಿಗಳಂತೆ ಜನರಿಂದ ದೂರ ಓಡುತ್ತಿದ್ದವು. ಜೊತೆಗೆ ತಾಯಿಯೂ ಇತ್ತು, ಹೊಟ್ಟೆಗೆ ಊಟವೂ ಇತ್ತು. ಮನುಷ್ಯರ ಪರಿಚಯವೊಂದೇ ಇರಲಿಲ್ಲ.

ಹಾಗಿದ್ದರೆ ಬೇಗ ತರುವುದೇ ಒಳ್ಳೆಯದಲ್ಲವೇ ಎಂದು ಕೇಳಬಹುದು. ಅಲ್ಲ. ಮನುಷ್ಯರನ್ನು ಪರಿಚಯಿಸಿಕೊಳ್ಳುವ ಅದೇ ವಾರಗಳಲ್ಲಿ ಮರಿ ನಾಯಿಯಾಗಿ ಬದುಕುವುದನ್ನೂ ಕಲಿಯಬೇಕು, ಅದನ್ನು ಕಲಿಸಲು ನಮ್ಮಿಂದ ಆಗುವುದಿಲ್ಲ. ಆಟದಲ್ಲಿ ಜೋರಾಗಿ ಕಚ್ಚಿದರೆ ಒಡಹುಟ್ಟಿದ ಮರಿ ಕುಂಯ್ಯೆಂದು ಆಟ ನಿಲ್ಲಿಸಿ ಹೋಗುತ್ತದೆ. ಹಲ್ಲು ಮೂಡಿದ ಮರಿ ಮೊಲೆಗೆ ಬಾಯಿ ಹಾಕಿದರೆ ತಾಯಿ ಗುರ್ರೆಂದು ಏಳುತ್ತದೆ. ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬ ಅಳತೆ ಹೀಗೆ ಸಾವಿರ ಸಲ ಪೆಟ್ಟು ತಿಂದು, ಪೆಟ್ಟು ಕೊಟ್ಟು ಬರುವಂಥದ್ದು. ಮೂವತ್ತು ದಿನಕ್ಕೇ ಗುಂಪಿನಿಂದ ಕಿತ್ತು ತಂದ ಮರಿಗೆ ಆ ಅಳತೆ ಗೊತ್ತಿರುವುದಿಲ್ಲ. ನಾಲ್ಕು ತಿಂಗಳಾದಾಗ ಮನೆಯ ಮಗುವಿನ ಕೈಯಲ್ಲಿ ರಕ್ತ ಬಂದರೆ ಬೈಗುಳ ಮಾತ್ರ ನಾಯಿಗೇ.

ಆದ್ದರಿಂದ ಮೂರರಿಂದ ಎಂಟನೇ ವಾರದವರೆಗಿನ ಹೊಣೆ ಪೂರ್ತಿಯಾಗಿ ತಳಿಗಾರರದು. ಈ ಕೆಲಸಕ್ಕೆ ದುಡ್ಡು ಹೆಚ್ಚು ಬೇಡ, ಸಮಯ ಬೇಕು. ದಿನವೂ ಪ್ರತಿ ಮರಿಯನ್ನೂ ಬೇರೆಯಾಗಿ ಕೈಗೆತ್ತಿಕೊಂಡು ಕಿವಿ, ಬಾಯಿ, ಪಾದ, ಉಗುರು ಮುಟ್ಟಿ ನೋಡಬೇಕು. ಮುಂದೆ ಪಶುವೈದ್ಯರ ಮೇಜಿನ ಮೇಲೆ ಅದು ಸುಮ್ಮನೆ ನಿಲ್ಲುವುದು ಇದರಿಂದ. ಕಾಲಡಿಗೆ ಗೋಣಿಚೀಲ, ಮಣ್ಣು, ಹುಲ್ಲು, ಜಾರುವ ಟೈಲ್ಸ್ ಎಲ್ಲ ಸಿಗಬೇಕು. ಕುಕ್ಕರ್ ಸೀಟಿ, ಮಿಕ್ಸಿ, ಬೈಕ್ ಸ್ಟಾರ್ಟ್ ಆಗುವ ಸದ್ದು ದೂರದಿಂದ ಶುರುವಾಗಿ ಮೆಲ್ಲಗೆ ಹತ್ತಿರವಾಗಬೇಕು. ಕೋಲೂರಿ ನಡೆಯುವ ಅಜ್ಜ, ಹೆಲ್ಮೆಟ್ ತೊಟ್ಟವರು, ಕೊಡೆ ಹಿಡಿದವರು, ಕೂಗಾಡುವ ಮಕ್ಕಳು, ಎಲ್ಲರೂ ಬಂದು ಹೋಗಬೇಕು. ಇಲ್ಲಿ ಒಂದು ಎಚ್ಚರ ಬೇಕು: ಮರಿ ತಾನಾಗಿ ಹತ್ತಿರ ಬರಲಿ. ಹೆದರಿದ ಮರಿಯನ್ನು ಹಿಡಿದೆಳೆದು ತೋರಿಸಿದರೆ ಅದು ಕಲಿಯುವುದು ಭಯವನ್ನೇ.

ಹೇಸಿಗೆಯ ವಿಷಯವನ್ನೂ ಹೇಳಲೇಬೇಕು. ಮೂರು ವಾರ ದಾಟಿದ ಮರಿ ಮಲಗುವ ಜಾಗ ಬಿಟ್ಟು ಆಚೆ ಹೋಗಿ ಉಚ್ಚೆ ಹೊಯ್ಯಲು ನೋಡುತ್ತದೆ. ಅದು ಹುಟ್ಟಿನಿಂದ ಬಂದ ಬುದ್ಧಿ. ಇಕ್ಕಟ್ಟಾದ ಗೂಡಿನಲ್ಲಿ ಎಂಟತ್ತು ಮರಿಗಳನ್ನು ತುಂಬಿದರೆ ಆಚೆ ಹೋಗಲು ಜಾಗವೇ ಇರುವುದಿಲ್ಲ. ಹೇಲು ಉಚ್ಚೆಯಲ್ಲೇ ಮಲಗಿ ಎದ್ದು ಆ ಬುದ್ಧಿ ಕೆಟ್ಟುಹೋಗುತ್ತದೆ. ಅಂಥ ಮರಿಗೆ ಮನೆಯಲ್ಲಿ ಶುಚಿ ಕಲಿಸಲು ಕೊಂಡವರು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಗಲೀಜು ಮಾಡುತ್ತದೆ ಎಂಬ ಕಾರಣಕ್ಕೇ ಬೀದಿಗೆ ಬಿದ್ದ ಜಾತಿ ನಾಯಿಗಳಿಗೆ ನಮ್ಮ ನಗರಗಳಲ್ಲಿ ಕೊರತೆಯಿಲ್ಲ.

ಇಷ್ಟೆಲ್ಲ ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಮುಧೋಳ ನಾಯಿ. ಬಾಗಲಕೋಟೆ ಜಿಲ್ಲೆಯ ರೈತರು ಜೋಳದ ಅಂಬಲಿ, ಹಾಲು ಹಾಕಿ ತಲೆಮಾರುಗಳಿಂದ ಸಾಕಿಕೊಂಡು ಬಂದ ತಳಿ ಇದು. ಬೇಡರ ಬಳಿಯಿದ್ದ ಬೇಟೆನಾಯಿಗಳನ್ನು ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆ ಮೆಚ್ಚಿ ಬೆಳೆಸಿದರು, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೂ ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಈ ತಳಿ ಅಂಚೆಚೀಟಿಯ ಮೇಲೆ ಬಂತು. 2016ರಲ್ಲಿ ಮರಿಗಳು ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ಬಾನುಲಿ ಭಾಷಣದಲ್ಲಿ ಅದರ ಹೆಸರು ಹೇಳಿದರು. ಇದೆಲ್ಲ ನಮಗೆ ಹೆಮ್ಮೆ ತಂದ ಸಂಗತಿ ನಿಜ. ಆದರೆ ಹೆಸರು ಬಂದ ಹಿಂದೆಯೇ ಬೇಡಿಕೆ ಬರುತ್ತದೆ, ಬೇಡಿಕೆಯ ಹಿಂದೆ ಅವಸರ. ಬೆದೆಗೆ ಬಂದಾಗಲೆಲ್ಲ ಹೆಣ್ಣನ್ನು ಕ್ರಾಸ್ ಮಾಡಿಸುವುದು, ದೂರದ ಗಂಡು ಹುಡುಕುವ ಖರ್ಚೇಕೆಂದು ಮನೆಯ ಅಣ್ಣ ತಂಗಿಯನ್ನೇ ಕೂಡಿಸುವುದು, ಕಣ್ಣು ಬಿಟ್ಟ ಮರಿಗೆ ಮುಂಗಡ ಹಣ ಪಡೆದು ತಿಂಗಳು ತುಂಬುತ್ತಲೇ ಕಳಿಸುವುದು. ಸಂಖ್ಯೆಯೇ ಕಡಿಮೆಯಿರುವ ನಾಡತಳಿಗೆ ಇದಕ್ಕಿಂತ ದೊಡ್ಡ ಅಪಾಯ ಇಲ್ಲ. ಹತ್ತಿರದ ರಕ್ತ ಕೂಡಿದಷ್ಟೂ ಅಡಗಿದ್ದ ದೋಷಗಳು ಮೇಲೆ ಬರುತ್ತವೆ, ಮರಿಗಳು ಬಡಕಲಾಗುತ್ತವೆ.

ಮುಧೋಳದ ಸ್ವಭಾವವೂ ಗೊತ್ತಿರಬೇಕು. ಇದು ಕಣ್ಣಿನಿಂದ ಬೇಟೆಯಾಡುವ ನಾಯಿ, ಓಡಲೆಂದೇ ಹುಟ್ಟಿದ್ದು. ಅಪರಿಚಿತರು ಮೈ ಮುಟ್ಟುವುದು ಅದಕ್ಕೆ ಇಷ್ಟವಿಲ್ಲ. ತನ್ನವರ ಹತ್ತಿರ ಮಾತ್ರ ಸಲಿಗೆ. ಈ ಬಿಗುಮಾನ ತಳಿಯ ಗುಣ, ಅದನ್ನು ಕಳೆಯಬೇಕಾಗಿಲ್ಲ. ಆದರೆ ಬಿಗುಮಾನ ಬೇರೆ, ಅಂಜಿಕೆ ಬೇರೆ. ಬಿಗುಮಾನದ ನಾಯಿ ಅಪರಿಚಿತನನ್ನು ಕಂಡು ಮುಖ ತಿರುಗಿಸಿ ಕೂರುತ್ತದೆ, ಅಂಜಿದ ನಾಯಿ ಹಿಂದಿನಿಂದ ಬಂದು ಕಚ್ಚುತ್ತದೆ. ಎಳವೆಯಲ್ಲಿ ಹೊಲದ ತುದಿಯ ಶೆಡ್ಡಿನಲ್ಲಿ ಒಬ್ಬನೇ ಆಳಿನ ಮುಖ ನೋಡಿ ಬೆಳೆದ ಮರಿ ನೇರವಾಗಿ ಬೆಂಗಳೂರಿನ ಏಳನೇ ಮಹಡಿಯ ಫ್ಲ್ಯಾಟಿಗೆ, ಲಿಫ್ಟಿಗೆ, ಹಾರ್ನ್ ಸದ್ದಿಗೆ ಬಂದು ಬಿದ್ದರೆ ಅಂಜದೆ ಇನ್ನೇನು ಮಾಡೀತು? ಓಡಲು ಬಯಲಿಲ್ಲದವರು ಈ ತಳಿಯನ್ನು ತರಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗೆಂದು ಮುಖದ ಮೇಲೆ ಹೇಳಿ ಗಿರಾಕಿಯನ್ನು ವಾಪಸ್ ಕಳಿಸುವ ತಳಿಗಾರರೇ ನಿಜವಾದ ತಳಿಗಾರರು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರ್‌ನ ಪಶು ವಿಶ್ವವಿದ್ಯಾಲಯದ ಕೇಂದ್ರವೊಂದು ಈ ತಳಿಗಾಗಿಯೇ ಇದೆ. ಸುತ್ತಲಿನ ರೈತರಿಗೆ ವಂಶಾವಳಿ ಬರೆದಿಡುವುದನ್ನೂ ಮರಿಗಳನ್ನು ಜನಕ್ಕೆ, ಸದ್ದಿಗೆ ರೂಢಿಸುವುದನ್ನೂ ಕಲಿಸಲು ಅದಕ್ಕಿಂತ ಸೂಕ್ತವಾದ ಜಾಗ ಬೇರಿಲ್ಲ.

ಕಾನೂನು ಇಲ್ಲವೆಂದಲ್ಲ. ಕೇಂದ್ರ ಸರ್ಕಾರ 2017ರಲ್ಲೇ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟಕ್ಕೆ ನಿಯಮ ಮಾಡಿದೆ. ಮರಿ ಮಾಡಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹದಿನೆಂಟು ತಿಂಗಳು ತುಂಬದ ಹೆಣ್ಣಿನಿಂದ ಮರಿ ಮಾಡಿಸುವಂತಿಲ್ಲ. ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಇಷ್ಟನ್ನು ಪಾಲಿಸಿದ್ದರೂ ಸಾಕಿತ್ತು. 2022ರಲ್ಲಿ ‘777 ಚಾರ್ಲಿ’ ಚಲನಚಿತ್ರ ನೋಡಿ ನಾಡೇ ಅತ್ತಿತು. ಆ ಕಥೆಯಲ್ಲಿ ನಾಯಿ ತಪ್ಪಿಸಿಕೊಂಡು ಬಂದದ್ದು ಕ್ರೂರ ತಳಿಗಾರನ ಗೂಡಿನಿಂದ, ಅದರ ಕಾಯಿಲೆಯ ಮೂಲ ಹತ್ತಿರದ ರಕ್ತ ಕೂಡಿಸಿದ್ದರಲ್ಲಿ. ಅದನ್ನು ನೋಡಿ ಅತ್ತವರು ಅಂಥದ್ದೇ ಗೂಡುಗಳಿಂದ ಬಂದ ಲ್ಯಾಬ್ರಡಾರ್ ಮರಿಗೆ ತಾಯಿಯ ವಿಚಾರವನ್ನೂ ಕೇಳದೆ ಮುಂಗಡ ಕೊಟ್ಟರೆ ಆ ಕಣ್ಣೀರಿಗೆ ಅರ್ಥವಿರುವುದಿಲ್ಲ.

ಎಂಟು ವಾರಕ್ಕೆ ಮನೆಗೆ ಬಂದ ಮರಿಯ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಲಸಿಕೆಗಳೆಲ್ಲ ಮುಗಿಯುವವರೆಗೆ ಹೊರಗೆ ತರಬೇಡಿ ಎನ್ನುತ್ತಾರೆ. ಪಾರ್ವೊ ರೋಗ ಮರಿಯನ್ನು ದಿನಗಳಲ್ಲೇ ಕೊಲ್ಲುತ್ತದೆ, ಭಯ ಸಹಜ. ಆದರೆ ತಾಯಿಹಾಲಿನಿಂದ ಬಂದ ರಕ್ಷಣೆ ಲಸಿಕೆಯ ಕೆಲಸಕ್ಕೆ ಅಡ್ಡ ಬರುವುದರಿಂದ ಚುಚ್ಚುಮದ್ದಿನ ಸರಣಿ ಹದಿನಾರು ವಾರದವರೆಗೂ ನಡೆಯುತ್ತದೆ. ಅಷ್ಟರಲ್ಲಿ ಮನಸ್ಸಿನ ಬಾಗಿಲು ಮುಚ್ಚಿಯಾಗಿರುತ್ತದೆ. ಸರಣಿ ಮುಗಿಯುವ ಮೊದಲೇ ಮರಿಯನ್ನು ಹೊರಜಗತ್ತಿಗೆ ಎಚ್ಚರದಿಂದ ರೂಢಿಸಬೇಕೆಂದು ಪ್ರಾಣಿಗಳ ವರ್ತನೆಯನ್ನು ಅಧ್ಯಯನ ಮಾಡುವ ಅಮೆರಿಕದ ಪಶುವೈದ್ಯರ ಸಂಘ 2008ರಲ್ಲೇ ಹೇಳಿದೆ. ಮರಿಯನ್ನು ನೆಲಕ್ಕೆ ಬಿಡದೆ ಎತ್ತಿಕೊಂಡೇ ಸಂತೆ, ಬಸ್ ನಿಲ್ದಾಣ ತೋರಿಸಬಹುದು. ಲಸಿಕೆಯಾದ, ಸಾಧು ಸ್ವಭಾವದ ನಾಯಿಯಿರುವ ಮನೆಗೆ ಕರೆದೊಯ್ಯಬಹುದು. ಬೀದಿನಾಯಿಗಳು ಓಡಾಡುವ ಪಾರ್ಕು ಮಾತ್ರ ಬೇಡ.

ಸಾಕಲಾಗದಿದ್ದರೆ ವಯಸ್ಸು ಎಷ್ಟೇ ಆಗಿರಲಿ ನನಗೇ ತಂದುಕೊಡಿ ಎಂದು ಬರೆದುಕೊಡುವ ತಳಿಗಾರರು ಕೆಲವರಾದರೂ ಇದ್ದಾರೆ. ಅಂಥವರನ್ನು ಹುಡುಕುವುದು ಕೊಳ್ಳುವವರಿಗೆ ಸುಲಭವಾಗಬೇಕು. ನೋಂದಾಯಿತ ತಳಿಗಾರರ ಹೆಸರು, ಊರು, ನೋಂದಣಿ ಸಂಖ್ಯೆಯ ಪಟ್ಟಿಯನ್ನು ಪಶುಪಾಲನಾ ಇಲಾಖೆ ಪ್ರತಿ ತಾಲ್ಲೂಕು ಪಶು ಆಸ್ಪತ್ರೆಯ ಗೋಡೆಯ ಮೇಲೆ ಹಾಕಲಿ, ವರ್ಷಕ್ಕೊಮ್ಮೆ ಹೊಸದಾಗಿ ಬರೆಯಲಿ. ಪಟ್ಟಿಯಲ್ಲಿ ಇಲ್ಲದವರ ಮರಿಗೆ ಲಸಿಕೆ ಹಾಕುವಾಗ, ಎಲ್ಲಿಂದ ತಂದಿರಿ, ಎಷ್ಟು ದಿನಕ್ಕೆ ತಂದಿರಿ ಎಂದು ವೈದ್ಯರು ಕೇಳಿ ಬರೆದಿಟ್ಟುಕೊಳ್ಳಲಿ. ಮುಧೋಳ ತಾಲ್ಲೂಕಿನಿಂದಲೇ ಈ ಕೆಲಸ ಶುರುವಾಗಬಹುದು.