ದೇಶವಲ್ಲ, ನಾಡು

2025ರ ಏಪ್ರಿಲ್ 25ರ ನಸುಕಿನಲ್ಲಿ, ಮಡಿದ ಯೋಧರನ್ನು ನೆನೆಯಲು ಮೆಲ್ಬರ್ನ್‌ನ ಯುದ್ಧಸ್ಮಾರಕದ ಮುಂದೆ ಜನ ಸೇರಿದ್ದರು. ಮೂಲನಿವಾಸಿ ಹಿರಿಯರೊಬ್ಬರು ಸ್ವಾಗತದ ಮಾತಾಡುವಾಗ ಕೆಲವರು ಕೂಗಾಡಿ ಅಡ್ಡಿಪಡಿಸಿದರು. ‘ನಮ್ಮ ದೇಶಕ್ಕೆ ನಮ್ಮನ್ನೇ ಸ್ವಾಗತಿಸುವುದೇನು?’ ಎಂಬುದು ಈ ಆಚರಣೆಯನ್ನು ಒಪ್ಪದವರ ಹಳೆಯ ತಕರಾರು. ‘ವೆಲ್‌ಕಮ್ ಟು ಕಂಟ್ರಿ’ ಎಂಬ ಅದರ ಹೆಸರಿನಲ್ಲಿರುವ ‘ಕಂಟ್ರಿ’ ಈ ಗೊಂದಲಕ್ಕೆ ಕಾರಣ. ಕನ್ನಡಿಗರಿಗೆ ಆ ತೊಡಕಿಲ್ಲ. ನಮ್ಮಲ್ಲಿ ದೇಶ ಬೇರೆ, ನಾಡು ಬೇರೆ. ಸ್ವಾಗತ ಕೋರುವುದು ಆಸ್ಟ್ರೇಲಿಯಾ ದೇಶಕ್ಕಲ್ಲ, ಆಯಾ ಸಮುದಾಯದ ನಾಡಿಗೆ. ಸಿಡ್ನಿಯ ಗಾಡಿಗಲ್ ಜನ ಪರ್ತ್‌ಗೆ ಹೋದರೆ, ನೂಂಗಾರರ ನೆಲದಲ್ಲಿ ಅವರೂ ಅತಿಥಿಗಳೇ. ಇಲ್ಲಿ ಮುಖ್ಯವಾದದ್ದು ಮೈಬಣ್ಣವಲ್ಲ, ನೆಲದ ನಂಟು.

ಇದು ನಿನ್ನೆ ಮೊನ್ನೆ ಕಟ್ಟಿದ ಸಂಪ್ರದಾಯ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. 1976ರಲ್ಲಿ ಪರ್ತ್‌ಗೆ ಬಂದ ಮಾವೊರಿ ಮತ್ತು ಕುಕ್ ದ್ವೀಪಗಳ ಕಲಾವಿದರು, ಆ ನೆಲದವರು ಬರಮಾಡಿಕೊಳ್ಳದೆ ಕುಣಿಯುವುದು ತಮ್ಮ ಪದ್ಧತಿಗೆ ಸಲ್ಲದು ಎಂದಾಗ, ರಿಚರ್ಡ್ ವಾಲಿ ಮತ್ತು ಅರ್ನಿ ಡಿಂಗೊ ಸ್ವಾಗತವಿತ್ತರು. ಸಂಸತ್ತಿನ ಅಧಿವೇಶನಕ್ಕೆ ಅದು ಕಾಲಿಟ್ಟದ್ದು 2008ರ ಫೆಬ್ರುವರಿ 12ರಂದು. ಆದರೆ ಹೊಸದಾದದ್ದು ವೇದಿಕೆ ಮಾತ್ರ. ಪರರ ಎಲ್ಲೆಯಲ್ಲಿ ನಿಂತು ಅಪ್ಪಣೆಗೆ ಕಾಯುವ ರೀತಿ ಬಹಳ ಹಳೆಯದು. 1788ರಲ್ಲಿ ಬಂದಿಳಿದ ಬ್ರಿಟಿಷರು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅದು ಯಾರದೂ ಅಲ್ಲದ ನೆಲ ಎಂಬ ವಾದವನ್ನು ಅಲ್ಲಿನ ಹೈಕೋರ್ಟ್ ತಳ್ಳಿಹಾಕಿದ್ದು 1992ರ ಮಾಬೊ ತೀರ್ಪಿನಲ್ಲಿ. ಕೇಳುವವರೇ ಇಲ್ಲದಾಗ ಅಪ್ಪಣೆ ಕೊಡುವ ಪದ್ಧತಿ ಬೆಳಗುವುದಾದರೂ ಹೇಗೆ?

ಇದೆಲ್ಲ ಬರೀ ತೋರಿಕೆ ಎಂಬ ಮೂರನೆಯ ಆಕ್ಷೇಪವೇ ಹೆಚ್ಚು ತೂಕದ್ದು, ಮೂಲನಿವಾಸಿಗಳಲ್ಲೂ ಹಾಗೆನ್ನುವವರಿದ್ದಾರೆ. 2020ರ ಮೇ ತಿಂಗಳಲ್ಲಿ ರಿಯೊ ಟಿಂಟೊ ಗಣಿ ಕಂಪನಿ ಜೂಕನ್ ಕಣಿವೆಯಲ್ಲಿ 46,000 ವರ್ಷಗಳ ಹಿಂದೆಯೇ ಮನುಷ್ಯರು ತಂಗಿದ್ದ ಗುಹೆಯನ್ನು ಸಿಡಿಸಿತು; ಆ ನೆಲದ ಜನ ಬೇಡವೆಂದರೂ ಕಾನೂನಿನ ಒಪ್ಪಿಗೆ ಕಂಪನಿಯ ಕೈಲಿತ್ತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇಂಥ ತಾಣಗಳನ್ನು ಕಾಯಲೆಂದು 2023ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾನೂನನ್ನು ಆಗಸ್ಟ್‌ನಲ್ಲೇ ಕೈಬಿಡುವುದಾಗಿ ಸರ್ಕಾರ ಸಾರಿತು. ಹಾಗೆಂದು ಸ್ವಾಗತವನ್ನೇ ನಿಲ್ಲಿಸಿದರೆ, ಈ ನೆಲಕ್ಕೆ ವಾರಸುದಾರರಿದ್ದಾರೆ ಎಂದು ಎಲ್ಲರೆದುರು ಒಪ್ಪಿಕೊಳ್ಳುವ ಗಳಿಗೆಯೂ ಇಲ್ಲವಾಗುತ್ತದೆ. ಆ ಮಾತು ಕೇಳಿದವರು, ಅಲ್ಲಿ ನೆಲೆಸಿದ ಕನ್ನಡಿಗರೂ ಸೇರಿ, ಅತಿಥಿಯ ಹೊಣೆಯನ್ನೂ ಹೊರಬೇಕು. ಮನೆಯವರ ‘ಬೇಡ’ಕ್ಕೆ ಬೆಲೆಯಿಲ್ಲದ ಕಡೆ ಅವರ ‘ಬನ್ನಿ’ಗೆ ತಲೆಬಾಗುವುದು ಗೌರವವಾಗದು.